ವಯಸ್ಸು, ಕಾಲ, ಪೀಳಿಗೆ: ರೋಗಗಣನೆಯ ಒಂದು ಗಂಟಿನ ಚರಿತ್ರೆ

ಒಂದು ಕೋಷ್ಟಕ, ಎರಡು ಓದು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೧೯೩೦ರಲ್ಲಿ ಕ್ಷಯರೋಗದಿಂದ ಮೃತರಾದ ಗಂಡಸರ ಲೆಕ್ಕವನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ, ಪ್ರತಿ ಲಕ್ಷ ಜನರಿಗೆ ೨೦–೨೯ರ ವಯೋಮಾನದಲ್ಲಿ ೮೧, ೩೦–೩೯ರಲ್ಲಿ ೧೧೫, ೪೦–೪೯ರಲ್ಲಿ ೧೧೮, ೫೦–೫೯ರಲ್ಲಿ ೧೨೭ ಸಾವುಗಳು ಕಾಣುತ್ತವೆ. ಈ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಿದ ಯಾವ ವೈದ್ಯನಿಗಾದರೂ ತೋರುವುದು ಒಂದೇ: ಕ್ಷಯವು ವಯಸ್ಸಾದಂತೆ ಬಿಗಿಯಾಗುವ ರೋಗ, ಐವತ್ತು ದಾಟಿದವರೇ ಅದಕ್ಕೆ ಸುಲಭದ ತುತ್ತು. ಆರೋಗ್ಯ ಇಲಾಖೆಯೊಂದು ಈ ಓದನ್ನು ನಂಬಿದರೆ ತನ್ನ ಹಣವನ್ನೂ ದಾದಿಯರನ್ನೂ ವೃದ್ಧರ ಕಡೆಗೆ ತಿರುಗಿಸುವುದು ಸಹಜ.

ಅದೇ ಕೋಷ್ಟಕವನ್ನು ಓರೆಯಾಗಿ ಓದಿದವರು ವೇಡ್ ಹ್ಯಾಂಪ್ಟನ್ ಫ್ರಾಸ್ಟ್. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದ ಅವರು ೧೯೩೮ರಲ್ಲಿ ತೀರಿಕೊಂಡರು. ಈ ವಿಷಯದ ಅವರ ಲೇಖನ ಅಚ್ಚಾದದ್ದು ಮರುವರ್ಷ. ೧೯೩೦ರಲ್ಲಿ ಐವತ್ತರ ಆಸುಪಾಸಿನಲ್ಲಿದ್ದ ಗಂಡಸರು ೧೮೮೦ರಲ್ಲಿ ಹಸುಗೂಸುಗಳು ಅಥವಾ ಎಳೆಯ ಮಕ್ಕಳು. ಅವರನ್ನೇ ಹತ್ತು ಹತ್ತು ವರ್ಷಗಳ ಅಂತರದಲ್ಲಿ ಹಿಂಬಾಲಿಸಿದರೆ ಸಿಗುವ ಸಂಖ್ಯೆಗಳು ಬೇರೆ: ೧೮೯೦ರಲ್ಲಿ ಹದಿಹರೆಯದವರಾಗಿದ್ದಾಗ ೧೧೫, ೧೯೦೦ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದಾಗ ೨೮೮, ೧೯೧೦ರಲ್ಲಿ ೨೫೩, ೧೯೨೦ರಲ್ಲಿ ೧೭೫, ಕೊನೆಗೆ ೧೯೩೦ರಲ್ಲಿ ೧೨೭. ಬಾಲ್ಯ ದಾಟಿದ ಮೇಲೆ ಈ ಜನ ಕ್ಷಯಕ್ಕೆ ಅತ್ಯಂತ ಹೆಚ್ಚಾಗಿ ಬಲಿಯಾದದ್ದು ಇಪ್ಪತ್ತರ ಹರೆಯದಲ್ಲಿ. ಅನಂತರ ಅವರ ಅಪಾಯ ಸತತವಾಗಿ ಇಳಿಯುತ್ತಲೇ ಬಂದಿತ್ತು. ೧೯೩೦ರ ಕಂಬಸಾಲಿನಲ್ಲಿ ಅವರ ಪ್ರಮಾಣ ಎಲ್ಲರಿಗಿಂತ ಹೆಚ್ಚಾಗಿ ಕಂಡದ್ದಕ್ಕೆ ಅವರ ವಯಸ್ಸು ಕಾರಣವಲ್ಲ, ಅವರು ಹುಟ್ಟಿ ಬೆಳೆದ ಕಾಲ ಕಾರಣ. ರೋಗ ಮನೆಮನೆಯಲ್ಲಿದ್ದ ದಿನಗಳಲ್ಲಿ ಬಾಲ್ಯ ಕಳೆದವರು ಅಂದಿನ ಸೋಂಕನ್ನು ಮುಪ್ಪಿನವರೆಗೂ ಹೊತ್ತು ತಂದಿದ್ದರು. ಅವರ ನಂತರ ಹುಟ್ಟಿದ ಯುವಕರಿಗೆ ಆ ಹೊರೆ ಕಡಿಮೆಯಾಗಿತ್ತು.

ಹೀಗೆ ಒಂದೇ ಕಾಲದಲ್ಲಿ ಹುಟ್ಟಿ ಒಟ್ಟಿಗೆ ಮುಪ್ಪಾಗುವ ಜನಸಮೂಹಕ್ಕೆ ಫ್ರಾಸ್ಟ್ ‘ಕೋಹರ್ಟ್’ ಎಂಬ ಪದವನ್ನು ಬಳಸಿದರು. ರೋಮನ್ ಸೇನೆಯಲ್ಲಿ ಲೀಜನ್ನಿನ ಹತ್ತನೆಯ ಒಂದು ಪಾಲಿಗೆ ಇದ್ದ ಹೆಸರದು. ಒಟ್ಟಿಗೆ ಹೊರಟ ಪಡೆಯಲ್ಲಿ ಎಷ್ಟು ಮಂದಿ ಉಳಿದರೆಂದು ಎಣಿಸುತ್ತ ಹೋಗುವ ಲೆಕ್ಕಕ್ಕೆ ಪದ ಒಪ್ಪುತ್ತದೆ. ಕನ್ನಡದಲ್ಲಿ ‘ಪೀಳಿಗೆ’ ಎಂಬ ಮಾತನ್ನೇ, ಹುಟ್ಟಿದ ಕಾಲವನ್ನು ಮಾತ್ರ ಲಕ್ಷಿಸಿ, ಈ ಅರ್ಥಕ್ಕೆ ತಂದುಕೊಳ್ಳಬಹುದು.

ಪೂರ್ವಸೂರಿಗಳು

ಫ್ರಾಸ್ಟ್ ಈ ದಾರಿಯಲ್ಲಿ ಮೊದಲಿಗರಲ್ಲ. ವಯಸ್ಸು ಮತ್ತು ಕಾಲಗಳನ್ನು ಎರಡು ಅಕ್ಷಗಳಲ್ಲಿ ಇಟ್ಟು, ಒಂದೊಂದು ಜೀವವನ್ನೂ ಓರೆಗೆರೆಯಾಗಿ ಎಳೆಯುವ ಚಿತ್ರಕ್ಕೆ ಜರ್ಮನಿಯ ವಿಲ್ಹೆಲ್ಮ್ ಲೆಕ್ಸಿಸ್ ಅವರ ಹೆಸರು ನಿಂತಿದೆ. ಅವರ ಗ್ರಂಥ ಪ್ರಕಟವಾದದ್ದು ೧೮೭೫ರಲ್ಲಿ. ಅದಕ್ಕೂ ಮೊದಲೇ ಝಾಯ್ನರ್, ಬೆಕರ್ ಮೊದಲಾದವರು ಇಂಥ ಚಿತ್ರಗಳನ್ನು ರಚಿಸಿದ್ದರು. ಚಿತ್ರದಲ್ಲಿ ಲಂಬವಾಗಿ ಸೀಳಿದರೆ ಒಂದು ವರ್ಷದ ಎಲ್ಲ ವಯಸ್ಸಿನವರು, ಅಡ್ಡಲಾಗಿ ಸೀಳಿದರೆ ಎಲ್ಲ ವರ್ಷಗಳ ಒಂದೇ ವಯಸ್ಸಿನವರು, ಓರೆಯಾಗಿ ಹೋದರೆ ಒಂದು ಪೀಳಿಗೆಯ ಬಾಳು. ಮುಂದಿನ ಶತಮಾನದ ವಾದವೆಲ್ಲ ಈ ಮೂರು ಸೀಳುಗಳ ನಡುವಿನದು.

೧೯೨೭ರಲ್ಲಿ ಬ್ರಿಟನ್ನಿನ ವಿಮಾಗಣಿತಜ್ಞ ಡೆರಿಕ್ ಅವರು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣಪ್ರಮಾಣಗಳನ್ನು ಪೀಳಿಗೆಯ ಪ್ರಕಾರ ಜೋಡಿಸಿದಾಗ ಅವು ಹೆಚ್ಚು ಕ್ರಮಬದ್ಧವಾಗಿ ಕಾಣುತ್ತವೆಂದು ತೋರಿಸಿದರು. ೧೯೩೦ರಲ್ಲಿ ನಾರ್ವೆಯ ವೈದ್ಯ ಆಂಡ್ವೋರ್ಡ್ ಅವರು ಕ್ಷಯವನ್ನು ಪೀಳಿಗೆಯಿಂದ ಪೀಳಿಗೆಗೆ ಹಿಂಬಾಲಿಸಿದರು. ೧೯೩೪ರಲ್ಲಿ ಕರ್ಮ್ಯಾಕ್, ಮೆಕೆಂಡ್ರಿಕ್ ಮತ್ತು ಮೆಕಿನ್ಲೆ ಬ್ರಿಟನ್ ಮತ್ತು ಸ್ವೀಡನ್ನಿನ ಮರಣದಾಖಲೆಗಳನ್ನು ಪರಿಶೀಲಿಸಿ, ಮನುಷ್ಯನ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವನ ಬಾಲ್ಯದ ಪರಿಸರ ಎಂಬ ನಿಲುವಿಗೆ ಬಂದರು. ಈ ಮೂವರಲ್ಲಿ ಮೆಕೆಂಡ್ರಿಕ್ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು, ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕರ್ಮ್ಯಾಕ್ ಅವರೊಡನೆ ೧೯೨೭ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅವರು ತಮ್ಮ ಸಮೀಕರಣವನ್ನು ಹೋಲಿಸಿ ನೋಡಿದ್ದು ೧೯೦೫–೦೬ರ ಮುಂಬಯಿಯ ಪ್ಲೇಗಿನ ಸಾವುಗಳೊಡನೆ.

ಸರಿಯಾದ ಪೀಳಿಗೆ, ತಪ್ಪಿದ ಕಾರಣ

ಪೀಳಿಗೆಯ ಓದು ಮುಂದೆ ಎರಡು ರೋಗಗಳಲ್ಲಿ ತನ್ನ ಶಕ್ತಿಯನ್ನೂ ಮಿತಿಯನ್ನೂ ತೋರಿಸಿತು. ಮೊದಲನೆಯದು ಶ್ವಾಸಕೋಶದ ಕ್ಯಾನ್ಸರ್. ಅನೇಕ ದೇಶಗಳಲ್ಲಿ ಈ ರೋಗದ ಸಾವುಗಳು ಒಂದು ವಯಸ್ಸಿನವರೆಗೆ ಏರಿ, ಆಮೇಲೆ ಇಳಿಯುವಂತೆ ಕಾಣುತ್ತಿದ್ದವು. ಮುಪ್ಪಿಗೆ ಕ್ಯಾನ್ಸರಿನಿಂದ ಏನೋ ರಕ್ಷಣೆ ಇದೆಯೆಂದು ಭಾವಿಸಲು ಅದು ಆಸ್ಪದ ಕೊಟ್ಟಿತು. ೧೯೫೧ರಲ್ಲಿ ನೆದರ್ಲೆಂಡ್ಸ್‌ನ ಕೋರ್ಟೆವೆಹ್ ಅವರು ಇದು ಪೀಳಿಗೆಗಳ ಬೆರಕೆಯಿಂದ ಹುಟ್ಟಿದ ಭ್ರಮೆ ಎಂದು ತೋರಿಸಿದರು. ಅಂದಿನ ವೃದ್ಧರು ಸಿಗರೇಟು ಇನ್ನೂ ವ್ಯಾಪಕವಾಗದ ಕಾಲದಲ್ಲಿ ಬೆಳೆದವರು. ಅವರಿಗಿಂತ ಕಿರಿಯರು ಹರೆಯದಿಂದಲೇ ಸೇದಿದವರು. ಪೀಳಿಗೆಯೊಂದನ್ನು ಹಿಂಬಾಲಿಸಿದಾಗ ಅಪಾಯವು ವಯಸ್ಸಿನೊಡನೆ ಏರುತ್ತಲೇ ಇತ್ತು. ೧೯೫೬ರಲ್ಲಿ ಕೇಸ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ೧೯೧೧ರಿಂದ ೧೯೫೪ರವರೆಗಿನ ಕ್ಯಾನ್ಸರ್ ಸಾವುಗಳನ್ನೆಲ್ಲ ಇದೇ ಕ್ರಮದಲ್ಲಿ ಜೋಡಿಸಿದರು. ಇಲ್ಲಿ ಪೀಳಿಗೆಯ ಹಿಂದಿನ ಕಾರಣ ಸಿಗರೇಟಿನ ಚರಿತ್ರೆಯಲ್ಲಿ ದೊರಕಿತು.

ಎರಡನೆಯದು ಜಠರದ ಹುಣ್ಣು. ೧೯೬೨ರಲ್ಲಿ ಮರ್ವಿನ್ ಸಸ್ಸರ್ ಮತ್ತು ಝೀನಾ ಸ್ಟೈನ್ ಅವರು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ ಇಂಗ್ಲೆಂಡಿನ ಪೀಳಿಗೆಗಳಲ್ಲಿ ಈ ರೋಗದ ಸಾವುಗಳು ಶಿಖರ ಮುಟ್ಟಿ, ಅವರ ನಂತರದವರಲ್ಲಿ ಇಳಿದುದನ್ನು ಸ್ಪಷ್ಟವಾಗಿ ಗುರುತಿಸಿದರು. ಅದಕ್ಕೆ ಅವರು ಕೊಟ್ಟ ವಿವರಣೆ ಸಾಮಾಜಿಕವಾದದ್ದು: ನಗರಜೀವನದ ಒತ್ತಡ, ಮಹಾಯುದ್ಧ, ಮೂವತ್ತರ ದಶಕದ ನಿರುದ್ಯೋಗ. ಎರಡು ದಶಕಗಳ ಬಳಿಕ ಆಸ್ಟ್ರೇಲಿಯಾದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ಹುಣ್ಣಿನ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವನ್ನು ಕಂಡರು. ೨೦೦೫ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಈ ಸೋಂಕು ಸಾಮಾನ್ಯವಾಗಿ ತಗಲುವುದು ಬಾಲ್ಯದಲ್ಲಿ, ಇಕ್ಕಟ್ಟಿನ ಮನೆಗಳಲ್ಲಿ; ಒಮ್ಮೆ ತಗಲಿದರೆ ಬಾಳಿನುದ್ದಕ್ಕೂ ಉಳಿಯಬಲ್ಲುದು. ಪೀಳಿಗೆಯ ವಿನ್ಯಾಸಕ್ಕೆ ಇದಕ್ಕಿಂತ ಒಪ್ಪುವ ಕಾರಣ ಬೇಕಿರಲಿಲ್ಲ. ಸಸ್ಸರ್ ಮತ್ತು ಸ್ಟೈನ್ ಕಂಡ ಪೀಳಿಗೆ ನಿಜವಾಗಿತ್ತು. ಆ ಪೀಳಿಗೆಗೆ ಏನಾಯಿತೆಂಬುದನ್ನು ಹೇಳುವ ಶಕ್ತಿ ಮಾತ್ರ ಕೋಷ್ಟಕಕ್ಕೆ ಇರಲಿಲ್ಲ.

ಗಂಟು ಎಲ್ಲಿದೆ

ಇಷ್ಟರಲ್ಲಿ ಇನ್ನೊಂದು ಪ್ರಶ್ನೆ ತಲೆಯೆತ್ತಿತ್ತು. ವಯಸ್ಸಿನ ಪರಿಣಾಮ, ಕಾಲದ ಪರಿಣಾಮ, ಪೀಳಿಗೆಯ ಪರಿಣಾಮ ಇವು ಮೂರೂ ಒಟ್ಟಿಗೆ ದುಡಿಯುತ್ತಿದ್ದರೆ ಒಂದೊಂದರ ಪಾಲನ್ನೂ ಬೇರ್ಪಡಿಸಲು ಸಾಧ್ಯವೆ? ವಯಸ್ಸು ಎಂದರೆ ದೇಹ ಸವೆಯುವ ಕ್ರಮ. ಕಾಲ ಎಂದರೆ ಒಂದು ವರ್ಷದಲ್ಲಿ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಟ್ಟುವ ಸಂಗತಿ: ೧೯೧೮ರ ಇನ್‌ಫ್ಲುಯೆಂಜಾ, ಅಥವಾ ೧೯೪೦ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಸ್ಟ್ರೆಪ್ಟೊಮೈಸಿನ್. ಪೀಳಿಗೆ ಎಂದರೆ ಹುಟ್ಟಿನೊಡನೆ ಅಥವಾ ಎಳವೆಯಲ್ಲಿ ಬಂದು ಬಾಳಿನುದ್ದಕ್ಕೂ ಉಳಿಯುವ ಗುರುತು. ಅರ್ಥದಲ್ಲಿ ಮೂರೂ ಬೇರೆ ಬೇರೆ. ಅಂಕಗಣಿತದಲ್ಲಿ ಹಾಗಲ್ಲ.

೧೯೮೦ರಲ್ಲಿ ನಲವತ್ತು ವರ್ಷ ತುಂಬಿದವನು ಹುಟ್ಟಿದ್ದು ೧೯೪೦ರಲ್ಲಿ. ವಯಸ್ಸಿಗೆ ಹುಟ್ಟಿದ ವರ್ಷವನ್ನು ಕೂಡಿಸಿ ಪ್ರಸ್ತುತ ವರ್ಷವನ್ನು ಕಳೆದರೆ ಉಳಿಯುವುದು ಸೊನ್ನೆ. ೧೯೯೦ರಲ್ಲಿ ಇಪ್ಪತ್ತೈದು ತುಂಬಿದವಳ ಲೆಕ್ಕವೂ ಸೊನ್ನೆಯೇ. ಯಾರದನ್ನು ತೆಗೆದುಕೊಂಡರೂ ಸೊನ್ನೆ. ಈಗ ವಿಶ್ಲೇಷಕನೊಬ್ಬನು ರೋಗಪ್ರಮಾಣವನ್ನು ಲಾಗರಿತಮ್ಮಿಗೆ ತಿರುಗಿಸಿ, ಒಂದೊಂದು ವರ್ಷದ ವಯಸ್ಸಿಗೂ ಇಂತಿಷ್ಟು ಏರಿಕೆಯನ್ನೂ, ಒಂದೊಂದು ವರ್ಷ ತಡವಾಗಿ ಹುಟ್ಟಿದ್ದಕ್ಕೂ ಅಷ್ಟೇ ಏರಿಕೆಯನ್ನೂ, ಕಾಲಗಣನೆಯ ಒಂದೊಂದು ವರ್ಷಕ್ಕೂ ಅಷ್ಟೇ ಇಳಿಕೆಯನ್ನೂ ತನ್ನ ಉತ್ತರಕ್ಕೆ ಸೇರಿಸಿದರೆ, ಸೇರಿಸಿದ್ದು ಸೊನ್ನೆಯ ಗುಣಲಬ್ಧ. ಕೋಷ್ಟಕದ ಒಂದು ಅಂಕಿಯೂ ಅಲುಗದು. ಆದರೆ ಕಥೆ ಪೂರಾ ಬದಲಾಗಿರುತ್ತದೆ. ಒಂದು ಉತ್ತರದಲ್ಲಿ ಚಿಕಿತ್ಸೆ ವರ್ಷದಿಂದ ವರ್ಷಕ್ಕೆ ಗೆಲ್ಲುತ್ತ, ಕಿರಿಯ ಪೀಳಿಗೆಗಳು ಹೆಚ್ಚು ರೋಗಿಷ್ಠವಾಗುತ್ತಿರುತ್ತವೆ. ಇನ್ನೊಂದರಲ್ಲಿ ಚಿಕಿತ್ಸೆ ಸೋತು, ಕಿರಿಯ ಪೀಳಿಗೆಗಳು ಆರೋಗ್ಯವಾಗುತ್ತಿರುತ್ತವೆ. ಎರಡೂ ದತ್ತಾಂಶಕ್ಕೆ ಸಮವಾಗಿ ಹೊಂದುತ್ತವೆ. ದತ್ತಾಂಶ ಎಷ್ಟು ಹೆಚ್ಚಿದರೂ ಈ ತೊಡಕು ಕರಗದು.

ಈ ಬೆಳಕಿನಲ್ಲಿ ಫ್ರಾಸ್ಟ್ ಅವರ ಕೋಷ್ಟಕಕ್ಕೆ ಮರಳಿದರೆ ಒಂದು ಸಂಗತಿ ಗೋಚರವಾಗುತ್ತದೆ. ದಶಕದಿಂದ ದಶಕಕ್ಕೆ ಕ್ಷಯ ಇಳಿಯುತ್ತಿತ್ತೆಂಬುದು ನಿರ್ವಿವಾದ. ಆ ಇಳಿಕೆಯನ್ನು ಕಾಲದ ಲೆಕ್ಕಕ್ಕೆ ಬರೆದರೆ ವಯಸ್ಸಿನ ರೇಖೆ ೮೧, ೧೧೫, ೧೧೮, ೧೨೭ ಎಂದು ಏರುತ್ತದೆ. ಅದನ್ನೇ ಪೀಳಿಗೆಯ ಲೆಕ್ಕಕ್ಕೆ ಬರೆದರೆ ವಯಸ್ಸಿನ ರೇಖೆ ೨೮೮, ೨೫೩, ೧೭೫, ೧೨೭ ಎಂದು ಇಳಿಯುತ್ತದೆ. ಎರಡರ ನಡುವೆ ತೀರ್ಪು ಕೊಟ್ಟದ್ದು ಕೋಷ್ಟಕವಲ್ಲ. ಕ್ಷಯದ ಸೋಂಕು ದಶಕಗಳ ಕಾಲ ಸುಪ್ತವಾಗಿ ಉಳಿಯಬಲ್ಲುದೆಂಬ ವೈದ್ಯಕೀಯ ತಿಳಿವಳಿಕೆ ಫ್ರಾಸ್ಟ್ ಅವರ ಬೆನ್ನಿಗಿತ್ತು. ಅದರ ಬಲದಿಂದಲೇ ಅವರು ಓರೆಸಾಲನ್ನು ಆರಿಸಿಕೊಂಡರು.

ಸೂತ್ರಗಳ ಅನ್ವೇಷಣೆ

೧೯೭೦ರ ದಶಕದಿಂದಾಚೆಗೆ ಗಣಕಯಂತ್ರಗಳ ನೆರವಿನೊಡನೆ ಗಂಟನ್ನು ಸೂತ್ರದಿಂದಲೇ ಬಿಡಿಸುವ ಪ್ರಯತ್ನಗಳು ನಡೆದವು. ೧೯೭೩ರಲ್ಲಿ ಮೇಸನ್ ಮತ್ತು ಸಂಗಡಿಗರು, ಎರಡು ನೆರೆಯ ವಯೋಗುಂಪುಗಳ ಅಥವಾ ಎರಡು ಪೀಳಿಗೆಗಳ ಪರಿಣಾಮ ಸಮ ಎಂಬ ಒಂದು ನಿರ್ಬಂಧವನ್ನು ಹೇರಿದರೆ ಉಳಿದುದೆಲ್ಲ ನಿರ್ಧಾರವಾಗುತ್ತದೆಂದು ತೋರಿಸಿದರು. ಆ ಒಂದು ನಿರ್ಬಂಧದ ಆಯ್ಕೆ ಬದಲಾದರೆ ಉತ್ತರವೂ ಬದಲಾಗುತ್ತದೆಂಬುದು ಬೇಗನೆ ಬಯಲಾಯಿತು. ಸಮಾಜಶಾಸ್ತ್ರಜ್ಞ ನಾರ್ವಲ್ ಗ್ಲೆನ್ ೧೯೭೬ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ಈ ಹುಡುಕಾಟವನ್ನು ವ್ಯರ್ಥವೆಂದು ಕರೆದರು. ೧೯೮೨ರಲ್ಲಿ ಆಸ್ಮಂಡ್ ಮತ್ತು ಗಾರ್ಡ್ನರ್ ಅವರು, ಎರಡೆರಡು ಅಂಶಗಳ ಮಾದರಿಗಳಿಗೆ ಆದಷ್ಟು ಹತ್ತಿರವಿರುವ ಉತ್ತರವನ್ನು ಆಯುವ ಮಧ್ಯಮಮಾರ್ಗವನ್ನು ಸೂಚಿಸಿದರು.

ಗಂಟಿನ ಸ್ವರೂಪವನ್ನು ಖಚಿತವಾಗಿ ನಿರೂಪಿಸಿದ ಕೀರ್ತಿ ೧೯೮೩ರ ಹೋಲ್ಫೋರ್ಡ್ ಅವರ ಪ್ರಬಂಧಕ್ಕೂ, ೧೯೮೭ರಲ್ಲಿ ಕ್ಲೇಟನ್ ಮತ್ತು ಶಿಫ್ಲರ್ಸ್ ಬರೆದ ಜೋಡಿ ಪ್ರಬಂಧಗಳಿಗೂ ಸಲ್ಲಬೇಕು. ಹೋಲ್ಫೋರ್ಡ್ ಪ್ರತಿಯೊಂದು ಪರಿಣಾಮವನ್ನೂ ಎರಡು ಭಾಗ ಮಾಡಿದರು: ಒಂದು ಸರಳರೇಖೆಯ ಏರಿಳಿತ, ಇನ್ನೊಂದು ಆ ರೇಖೆಯಿಂದ ಸರಿಯುವ ಬಾಗು. ಬಾಗುಗಳು ಯಾವ ನಿರ್ಬಂಧಕ್ಕೂ ಬದಲಾಗುವುದಿಲ್ಲ. ಅವು ದತ್ತಾಂಶದ ನಿಜವಾದ ಹೇಳಿಕೆಗಳು. ಏರಿಳಿತ ಮಾತ್ರ ಹಂಚಿಕೊಳ್ಳಲಾಗದ ಆಸ್ತಿ. ಕಾಲಕ್ಕೂ ಪೀಳಿಗೆಗೂ ಸೇರಿದ ಈ ಒಟ್ಟು ಓಟವನ್ನು ಕ್ಲೇಟನ್ ಮತ್ತು ಶಿಫ್ಲರ್ಸ್ ‘ಡ್ರಿಫ್ಟ್’ ಎಂದು ಕರೆದು, ಹೊಳೆಯ ಸೆಳೆತದಂತೆ ಅದನ್ನು ಇಡಿಯಾಗಿಯೇ ವರದಿ ಮಾಡಬೇಕೆಂದರು. ಸ್ಟ್ರೆಪ್ಟೊಮೈಸಿನ್ ಬಂದ ಬಳಿಕ ಎಲ್ಲ ವಯಸ್ಸಿನವರಲ್ಲಿಯೂ ಕ್ಷಯದ ಸಾವುಗಳು ಹಠಾತ್ತಾಗಿ ಕುಸಿದುದು ಒಂದು ಬಾಗು. ಅದನ್ನು ಧೈರ್ಯವಾಗಿ ಕಾಲದ ಪರಿಣಾಮವೆನ್ನಬಹುದು. ಅದಕ್ಕೂ ಮುಂಚಿನ ಅರ್ಧ ಶತಮಾನದ ನಿಧಾನವಾದ ಇಳಿಕೆ ಡ್ರಿಫ್ಟ್. ಅದರ ಯಜಮಾನ ಯಾರೆಂದು ಸೂತ್ರ ಹೇಳದು.

ಅನ್ವೇಷಣೆ ಅಲ್ಲಿಗೆ ನಿಲ್ಲಲಿಲ್ಲ. ೨೦೦೪ರಲ್ಲಿ ಯಾಂಗ್, ಫು ಮತ್ತು ಲ್ಯಾಂಡ್ ಮುಂದಿಟ್ಟ ‘ಇಂಟ್ರಿನ್ಸಿಕ್ ಎಸ್ಟಿಮೇಟರ್’ ಎಂಬ ವಿಧಾನ, ಹೊರಗಿನ ಊಹೆಯ ಹಂಗಿಲ್ಲದೆ ಒಂದೇ ಉತ್ತರ ಕೊಡುವಂತೆ ತೋರಿ ಬಹಳ ಬಳಕೆಗೆ ಬಂದಿತು. ೨೦೧೩ರಲ್ಲಿ ಲಿಯಿಂಗ್ ಲುವೊ ಅವರು ಅದರೊಳಗೂ ಒಂದು ನಿರ್ಬಂಧ ಅಡಗಿದೆಯೆಂದೂ, ಕೋಷ್ಟಕದಲ್ಲಿ ಎಷ್ಟು ವಯೋಗುಂಪುಗಳು ಎಷ್ಟು ಕಾಲಘಟ್ಟಗಳು ಇವೆಯೆಂಬುದರ ಮೇಲೆ ಅದು ಅವಲಂಬಿಸುತ್ತದೆಂದೂ ತೋರಿಸಿದರು. ಕಾಣುವ ಊಹೆಯನ್ನಾದರೂ ಪ್ರಶ್ನಿಸಬಹುದು. ಕಾಣದ ಊಹೆ ಫಲಿತಾಂಶದ ವೇಷದಲ್ಲಿ ಬರುತ್ತದೆ.

ಹುಟ್ಟಿದ ವರ್ಷ ತಿಳಿಯದ ನಾಡಿನಲ್ಲಿ

ಭಾರತದಲ್ಲಿ ಈ ವಿಧಾನಗಳಿಗೆ ಬೇಕಾದ ದೀರ್ಘಕಾಲದ ದಾಖಲೆಗಳು ವಿರಳ. ಜನಸಮುದಾಯವನ್ನು ಆಧರಿಸಿದ ಮೊದಲ ಕ್ಯಾನ್ಸರ್ ನೋಂದಣಿ ಮುಂಬಯಿಯಲ್ಲಿ ೧೯೬೩ರಲ್ಲಿ ಪ್ರಾರಂಭವಾಯಿತು; ೧೯೮೨ರಲ್ಲಿ ಬೆಂಗಳೂರು ಮತ್ತು ಚೆನ್ನೈ ನಗರಗಳ ನೋಂದಣಿಗಳು ರಾಷ್ಟ್ರೀಯ ಯೋಜನೆಯಡಿ ಮೊದಲಾದವು. ಮುಂಬಯಿಯ ೧೯೭೬ರಿಂದ ೨೦೦೫ರವರೆಗಿನ ದಾಖಲೆಗಳನ್ನು ವಯಸ್ಸು, ಕಾಲ, ಪೀಳಿಗೆಗಳ ಮಾದರಿಯಲ್ಲಿ ಪರಿಶೀಲಿಸಿದ ೨೦೧೧ರ ಅಧ್ಯಯನವೊಂದು, ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರ್ ಏರುತ್ತ ಗರ್ಭಕಂಠದ ಕ್ಯಾನ್ಸರ್ ಇಳಿಯುತ್ತ ಬಂದುದನ್ನು ತೋರಿಸಿತು. ದೇಶದ ಮೊದಲ ಗ್ರಾಮೀಣ ನೋಂದಣಿ ೧೯೮೭ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹುಟ್ಟಿತು. ಅಲ್ಲಿ ರೋಗಿಗಳು ಆಸ್ಪತ್ರೆಗೆ ಬರುವರೆಂದು ಕಾಯುವಂತಿರಲಿಲ್ಲ. ಸಿಬ್ಬಂದಿಯೇ ಊರೂರಿಗೆ ಹೋಗಿ ವಿಚಾರಿಸಬೇಕಾಯಿತು.

ಇಲ್ಲಿ ತೊಡಕು ಸೂತ್ರಕ್ಕಿಂತ ಮೊದಲೇ ಎದುರಾಗುತ್ತದೆ. ಭಾರತದ ಜನಗಣತಿಗಳಲ್ಲಿ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳ ಮೇಲೆ ಜನ ಗುಡ್ಡೆಯಾಗಿ ಬೀಳುವುದು ಚಿರಪರಿಚಿತ. ವಯಸ್ಸು ಅಂದಾಜಿನದಾದರೆ ಹುಟ್ಟಿದ ವರ್ಷವೂ ಅಂದಾಜಿನದೇ. ಪೀಳಿಗೆಯ ಗಡಿಗಳು ಒಂದರೊಳಗೊಂದು ಹರಿದುಹೋಗುತ್ತವೆ. ೧೯೨೭ರ ಡೆರಿಕ್ ಅವರ ಲೇಖನದ ಮೊದಲ ಭಾಗದ ವಿಷಯವೇ ವಯಸ್ಸಿನ ತಪ್ಪುಹೇಳಿಕೆಗಳು ಎಂಬುದನ್ನು ನೆನೆದರೆ, ಎರಡು ಪ್ರಶ್ನೆಗಳ ನಂಟು ಹಳೆಯದೆಂದು ತಿಳಿಯುತ್ತದೆ. ಆದರೆ ವರ್ಷವನ್ನು ಅಂಕಿಯಲ್ಲಿ ಇಡದ ಸಮಾಜಗಳು ಅದನ್ನು ಹೆಸರಿನಲ್ಲಿ ಇಟ್ಟಿರುತ್ತವೆ. ೧೮೭೬–೭೮ರ ಕ್ಷಾಮವನ್ನು ಕನ್ನಡನಾಡು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯಿತು. ಆದವಾನಿ, ರಾಯದುರ್ಗಗಳನ್ನು ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆ ಅದರಲ್ಲಿ ಬೆಂದುಹೋಯಿತು. ‘ಬರದ ವರ್ಷ ಹುಟ್ಟಿದವನು’ ಎಂಬ ಮಾತು ‘ಸುಮಾರು ಐವತ್ತು’ ಎಂಬುದಕ್ಕಿಂತ ನಿಖರವಾದ ದಾಖಲೆ.

ಗಡಿಯ ಪೀಳಿಗೆಗಳು

ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಈ ಚರಿತ್ರೆ ಪರಕೀಯವಲ್ಲ. ಭಾಷಾಶಾಸ್ತ್ರವೂ ಇದೇ ಗಂಟನ್ನು ಬೇರೆ ಹೆಸರಿನಲ್ಲಿ ಬಲ್ಲದು. ಚಾರ್ಲ್ಸ್ ಹಾಕೆಟ್ ೧೯೫೦ರಲ್ಲಿಯೇ ವಯಸ್ಸಿನೊಡನೆ ಮರುಕಳಿಸುವ ಭಾಷಾಭೇದಗಳನ್ನು ಚರ್ಚಿಸಿದರು. ವಿಲಿಯಂ ಲಬೋವ್ ೧೯೬೩ರಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಹಿರಿಯ ಕಿರಿಯರ ಉಚ್ಚಾರವನ್ನು ಹೋಲಿಸಿ, ಬದಲಾಗುತ್ತಿರುವ ಭಾಷೆಯನ್ನು ಒಂದೇ ಕಾಲದ ಸೀಳಿನಲ್ಲಿ ಓದುವ ದಾರಿ ತೋರಿದರು. ಹಾಗೆ ಓದುವಾಗ ಪ್ರೌಢರ ಭಾಷೆ ಹರೆಯದಲ್ಲಿಯೇ ನಿಂತುಬಿಟ್ಟಿದೆ ಎಂದು ಊಹಿಸಬೇಕಾಗುತ್ತದೆ. ಮಾಂಟ್ರಿಯಲ್ ನಗರದ ಫ್ರೆಂಚ್ ಭಾಷಿಕರಲ್ಲಿ ೧೯೭೧ರಲ್ಲಿ ಕೇಳಿದವರನ್ನೇ ೧೯೮೪ರಲ್ಲಿ ಮತ್ತೆ ಕೇಳಿದ ದಾಖಲೆಗಳನ್ನು ಪರಿಶೀಲಿಸಿ, ಸಾಂಕಾಫ್ ಮತ್ತು ಬ್ಲಾಂಡೊ ೨೦೦೭ರಲ್ಲಿ ಆ ಊಹೆ ಬಹುಮಂದಿಗೆ ಸರಿಯೆಂದೂ, ಕೆಲವರು ಪ್ರೌಢರಾದ ಮೇಲೂ ಬದಲಾಗಿದ್ದರೆಂದೂ ಕಂಡರು.

ಗಡಿಯಾಚೆಯ ಒಂದು ಊರಿನಲ್ಲಿ ಅರವತ್ತು ದಾಟಿದವರು ಕನ್ನಡ ಪತ್ರಿಕೆ ಓದುತ್ತಾರೆ, ಇಪ್ಪತ್ತರೊಳಗಿನವರು ಓದುವುದಿಲ್ಲ ಎಂದಿಟ್ಟುಕೊಳ್ಳೋಣ. ಕಿರಿಯರೂ ಸಂಸಾರಸ್ಥರಾದ ಮೇಲೆ ಮನೆಮಾತಿನ ಓದಿಗೆ ಮರಳಬಹುದು. ಅದು ವಯಸ್ಸಿನ ಓದು. ಎಲ್ಲರೂ ಒಟ್ಟಿಗೆ ಪತ್ರಿಕೆ ಬಿಟ್ಟು ಮೊಬೈಲಿಗೆ ಹೊರಳುತ್ತಿರಬಹುದು. ಅದು ಕಾಲದ ಓದು. ಕಿರಿಯರು ಬೇರೆ ಮಾಧ್ಯಮದಲ್ಲಿ ಅಕ್ಷರ ಕಲಿತಿರಬಹುದು; ಅದು ಪೀಳಿಗೆಯ ಓದು. ಒಂದೇ ಸಮೀಕ್ಷೆಯಿಂದ ಈ ಮೂರರಲ್ಲಿ ಯಾವುದನ್ನೂ ಅಲ್ಲಗಳೆಯಲಾಗದು. ಮೊದಲನೆಯದು ನಿಜವಾದರೆ ಆತಂಕಕ್ಕೆ ಕಾರಣವಿಲ್ಲ. ಮೂರನೆಯದು ನಿಜವಾದರೆ ಹಿರಿಯರೊಡನೆ ಓದುಗರೂ ಮುಗಿಯುತ್ತಾರೆ.

೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕ್ಯಾಲೆಂಡರಿನಲ್ಲಿ ಇವು ಶುದ್ಧ ಕಾಲದ ಸಂಗತಿಗಳು. ಆದರೆ ಅಂದು ಐವತ್ತು ವಯಸ್ಸಿನವನು ಕಲಿತ ಅಕ್ಷರವನ್ನು ಗಡಿರೇಖೆ ಕಿತ್ತುಕೊಳ್ಳಲಿಲ್ಲ. ಅಂದು ಐದು ವರ್ಷದವಳಿಗೆ ಯಾವ ಅಕ್ಷರ ಮೊದಲು ಸಿಗಬೇಕೆಂಬ ಪ್ರಶ್ನೆ ಅಲ್ಲಿಂದಲೇ ಮೊದಲಾಯಿತು. ಒಂದು ದಿನದ ಆದೇಶ ವಯಸ್ಸಿನ ಜರಡಿಯಲ್ಲಿ ಹಾದು ಪೀಳಿಗೆಯಾಗುತ್ತದೆ. ನಾರ್ಮನ್ ರೈಡರ್ ೧೯೬೫ರಲ್ಲಿ ಸಮಾಜದ ಬದಲಾವಣೆಯನ್ನು ಪೀಳಿಗೆಗಳ ಮೂಲಕ ಅರಿಯಬೇಕೆಂದದ್ದರ ತಾತ್ಪರ್ಯವೂ ಇದೇ.

ಆದುದರಿಂದ ಗಂಟನ್ನು ಸಡಿಲಿಸುವ ಸಾಮಗ್ರಿ ಕೋಷ್ಟಕದ ಹೊರಗಿದೆ. ಫ್ರಾಸ್ಟ್ ಅವರಿಗೆ ಅದು ಸುಪ್ತ ಸೋಂಕಿನ ಅರಿವಿನಿಂದ ಬಂದಿತು, ಕೋರ್ಟೆವೆಹ್ ಅವರಿಗೆ ಸಿಗರೇಟಿನ ಚರಿತ್ರೆಯಿಂದ. ಸಸ್ಸರ್ ಮತ್ತು ಸ್ಟೈನ್ ಅವರಿಗೆ ಸಕಾಲದಲ್ಲಿ ಬರಲಿಲ್ಲ. ಗಡಿನಾಡಿನ ಕನ್ನಡಕ್ಕೆ ಅಂಥ ಸಾಮಗ್ರಿ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿರಬಲ್ಲುದು: ಮಗುವಿನ ಹುಟ್ಟಿದ ದಿನ, ಮನೆಮಾತು, ಸೇರಿದ ವರ್ಷ, ಶಾಲೆ ಬಿಟ್ಟ ತರಗತಿ. ಕನ್ನಡ ವಿಭಾಗ ಯಾವ ವರ್ಷ ತೆರೆಯಿತು, ಯಾವ ವರ್ಷ ಅಧ್ಯಾಪಕರಿಲ್ಲದೆ ನಿಂತಿತು ಎಂಬುದನ್ನು ಅಂಥ ಪುಸ್ತಕಗಳನ್ನು ಪುಟಪುಟವಾಗಿ ತಿರುವಿದವರು ಮಾತ್ರ, ಜನಗಣತಿಯ ಇಳಿಜಾರನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಹೇಳಬಲ್ಲರು. ಗೆದ್ದಲು ಹತ್ತುವ ಮೊದಲು ಅವುಗಳ ನಕಲು ತೆಗೆದಿಡುವುದು ಯಾವ ಹೊಸ ಸೂತ್ರಕ್ಕಿಂತಲೂ ತುರ್ತಿನ ಕೆಲಸ.